ಅಚ್ಚಿನಲ್ಲಿ ಬದಲಾದ ಕೈ

"ಲೋ ಲುಬರ್ಟ್, ಐವತ್ತು ವರ್ಷ ಬಲಗೈಲಿ ಪಿಟೀಲಿನ ಕಮಾನು ಹಿಡಿದವನನ್ನ ಎಡಚ ಮಾಡಿಬಿಟ್ಟೆಯಲ್ಲೋ! ನಿನ್ನ ಚಿತ್ರ ನೋಡಿ ಹೆಂಡದಂಗಡಿಯೋರು ಎಡಗೈಲಿ ನುಡಿಸೋದು ಸೈತಾನನ ಪಿಟೀಲು ಅಂತ ಒದ್ದು ಓಡಿಸಿದ್ರು ಕಣೋ!" ಹಾರ್ಲೆಮ್ ಪಟ್ಟಣದ ಅಚ್ಚುಮನೆಯಲ್ಲಿ, ಬೆನ್ನಿಗೆ ಪಿಟೀಲು-ಕಮಾನು ಕಟ್ಟಿಕೊಂಡು ನಿಂತು ಮುದುಕ ಯೋಸ್ಟ್ ಒಡೆದ ತುಟಿಯಿಂದ ರಕ್ತ ಉಗುಳಿದ.

ತಪ್ಪು ಚಿತ್ರ ಕೊರೆಯುವ ಲುಬರ್ಟನದೇ. ತಾಮ್ರದ ತಗಡಿನ ಮೇಲೆ ಕಂಡದ್ದನ್ನು ಕಂಡಂತೆಯೇ ಕೊರೆದಿದ್ದ. ಕಾಗದದಲ್ಲಿ ಅದು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಮೂಡಿತ್ತು. ಆದರೆ ಅಂಥ ಸುಕ್ಕುಗಳನ್ನು, ಅಂಥ ಬೊಚ್ಚುಬಾಯಿಯ ನಗುವನ್ನು ಅವನು ಇನ್ನೊಮ್ಮೆ ಕೊರೆಯಲಾರ.

"ಮುದುಕರ ಕೈ ಯಾರು ನೋಡ್ತಾರೆ ಅಜ್ಜ? ಮುಖ ನೋಡ್ತಾರೆ," ಎನ್ನುತ್ತ ಅಚ್ಚಿನ ಯಂತ್ರದ ಚಕ್ರ ಹಿಡಿದ.

"ಆ ಮುಖಾನೇ ಗೀಚಿ ಹಾಳು ಮಾಡ್ತೀನಿ, ತಾಳು!" ಯೋಸ್ಟ್ ಬಲಗೈಯಲ್ಲಿ ಉಳಿ ಹಿಡಿದು, ಯಂತ್ರದ ಮೇಲಿದ್ದ ತಗಡನ್ನು ಎಳೆದುಕೊಳ್ಳಲು ಎಡಗೈ ಚಾಚಿದ. ಲುಬರ್ಟ್ ಅದನ್ನು ಕಂಡ. ಕಂಡೂ ಚಕ್ರ ತಿರುಗಿಸಿದ. ಯಂತ್ರದ ಉರುಳೆಯಡಿ ಆ ಎಡಗೈಯ ಎರಡು ಬೆರಳು ಲಟಲಟನೆ ಮುರಿದವು.

"ಅಯ್ಯೋ ಅಜ್ಜಾ, ತಪ್ಪಾಯ್ತು! ವೈದ್ಯರನ್ನ ಕರೀತೀನಿ..."

"ಈ ಬೆರಳು ಇನ್ನು ತಂತಿ ಒತ್ತಲ್ಲ. ಕಮಾನನ್ನ ಈ ಕೈಗೇ ಕಟ್ಟು."

ಲುಬರ್ಟ್ ಕಮಾನನ್ನು ಆ ಮುರಿದ ಕೈಗೆ ಮಸಿಬಟ್ಟೆಯಿಂದ ಬಿಗಿದು ಕಟ್ಟಿದ. ಮುದುಕ ಪಿಟೀಲನ್ನು ಬಲಭುಜಕ್ಕೇರಿಸಿ, ಚಿತ್ರದಲ್ಲಿದ್ದಂತೆಯೇ ನಿಂತು, ಎಡಗೈಯಿಂದ ಕಮಾನು ಎಳೆದ.