ಓಪನ್ ಆಗದ ವಿಡಿಯೊ

ಸಿಗ್ನಲ್ಲಿನಲ್ಲಿ ತನಗೆ ಹಸಿರು ದೀಪ ಬಿದ್ದಿತ್ತು, ಸ್ಕೂಟರಿನಲ್ಲಿ ನುಗ್ಗಿ ಬಂದು ಕಾರಿಗೆ ಗುದ್ದಿದ್ದು ಮೇಷ್ಟ್ರೇ ಎಂದು ಟ್ಯಾಕ್ಸಿ ಡ್ರೈವರ್ ಪುಟ್ಟಮಾದಯ್ಯ ಠಾಣೆಯಲ್ಲಿ ಆಣೆಯಿಟ್ಟು ಹೇಳಿದ. ಕಾರಿನ ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಮೇಜಿನ ಮೇಲಿಟ್ಟ. ಠಾಣೆಯ ಹಳೆಯ ಕಂಪ್ಯೂಟರಿನಲ್ಲಿ ವಿಡಿಯೊ ಓಪನ್ ಆಗಲಿಲ್ಲ.

“ಯಾವ ಫಾರ್ಮ್ಯಾಟಯ್ಯಾ ಇದು?” ಎಂದರು ಎಸ್‌ಐ.

“ಹೊಸದು ಸಾ. ಕಾರ್ಡಲ್ಲಿ ಜಾಗ ಕಮ್ಮಿ ತಿಂತದೆ ಅಂತ ಇದ್ನೇ ಇಟ್ಕಂಡಿದ್ದೆ. ಬೇರೆ ಕಡೆ ಓಪನ್ ಮಾಡ್ಸಿ ನೋಡಿ, ನಂಗೇನೂ ಭಯ ಇಲ್ಲ.”

ಬಲಗೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮೇಷ್ಟ್ರು ಅವನ ಮುಖವನ್ನೇ ನೋಡುತ್ತ ಕೂತಿದ್ದರು.

“ಬೇಡಿ ಸರ್. ಇವರು ಇಷ್ಟು ಧೈರ್ಯವಾಗಿ ಹೇಳ್ತಿದಾರೆ ಅಂದ್ಮೇಲೆ ನಾನೇ ಗಾಬರೀಲಿ ದೀಪ ನೋಡಿಲ್ಲವೇನೋ,” ಎಂದು ತಪ್ಪೊಪ್ಪಿಕೊಂಡು ಎಡಗೈಯಲ್ಲೇ ಸಹಿ ಹಾಕಿದರು.

ಅಂಥ ಮನುಷ್ಯನ ಮನಸ್ಸಿನಲ್ಲಿ ಅನುಮಾನ ಉಳಿಯಬಾರದು ಅನ್ನಿಸಿತು ಪುಟ್ಟಮಾದಯ್ಯನಿಗೆ. ಕಾರ್ಡನ್ನು ವಾಪಸ್ ಪಡೆದು ನೇರ ಮೊಬೈಲ್ ಅಂಗಡಿಗೆ ಹೋಗಿ, ವಿಡಿಯೊವನ್ನು ಹಳೆಯ ಫಾರ್ಮ್ಯಾಟಿಗೆ ಬದಲಾಯಿಸಿ ಮೇಷ್ಟ್ರಿಗೆ ಕಳಿಸುವಂತೆ ಹೇಳಿ ಅವರ ನಂಬರು ಕೊಟ್ಟ.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

“ಈಗ ಯಾವ ಮೊಬೈಲಲ್ಲಾದ್ರೂ ಓಡ್ತದೆ. ಮೇಷ್ಟ್ರಿಗೆ ಕಳಿಸಿದೀನಿ, ಬ್ಲೂ ಟಿಕ್ ಬಂತು, ಆಗ್ಲೇ ನೋಡ್ತಾವ್ರೆ. ನೀವೂ ನೋಡಿ,” ಎಂದು ಅಂಗಡಿಯವನು ಪರದೆಯನ್ನು ಅವನ ಕಡೆ ತಿರುಗಿಸಿದ.

ಕೆಂಪು ದೀಪ ಉರಿಯುತ್ತಿದ್ದದ್ದು ಟ್ಯಾಕ್ಸಿಯ ಮುಂದೆ.