ಅತ್ತೆಯ ಬಗ್ಗೆ ಒಂದು ವಾಕ್ಯ

ಕಡಲೆಬೀಜ ಹುರಿಯುವ ವಾಸನೆ ಬಂದರೆ ಈಗಲೂ ಭದ್ರಾವತಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಭಾನುವಾರಗಳಂದು ಅಪ್ಪ ನನ್ನಿಂದ ಒಂದು ಇಂಗ್ಲಿಷ್ ಕಥೆ ಓದಿಸುತ್ತಿದ್ದರು. ಅದರಲ್ಲಿ ಸಿಕ್ಕ ಹೊಸ ಪದ ಹಾಕಿ ಮನೆಯವರೊಬ್ಬರ ಬಗ್ಗೆ ವಾಕ್ಯ ಬರೆಯಬೇಕಿತ್ತು. ಅವತ್ತಿನ ಪದ ‘ಬರ್ಡನ್’, ಅಂದರೆ ಹೊರೆ. ಗಂಡ ತೀರಿಕೊಂಡ ಮೇಲೆ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದ ಅಪ್ಪನ ತಂಗಿ ಅಡುಗೆಮನೆಯಲ್ಲಿ ಬೀಜ ಹುರಿಯುತ್ತಿದ್ದರು. ‘ಅತ್ತೆ ಈಸ್ ಅ ಬರ್ಡನ್’ ಎಂದು ಬರೆದೆ. ಅಪ್ಪ ಬಿದ್ದು ಬಿದ್ದು ನಕ್ಕು, ಅತ್ತೆಯನ್ನು ಕರೆದು, ನನ್ನಿಂದ ಅದನ್ನು ಜೋರಾಗಿ ಓದಿಸಿದರು.

ಇಂಗ್ಲಿಷ್ ಬಾರದ ಅತ್ತೆ, “ಏನಣ್ಣಾ, ನನ್ ಬಗ್ಗೆ ಏನ್ ಬರ್ದಿದಾಳೆ?” ಎಂದರು.

“ಮನೆಗೆ ನೀನೇ ಆಧಾರ ಅಂತ ಕಣೇ.”

ನಾನೂ ನಕ್ಕೆ. ಅತ್ತೆ ನನ್ನ ಫ್ರಾಕಿನ ಜೇಬಿಗೆ ಬಿಸಿಬಿಸಿ ಬೀಜ ತುಂಬಿದರು.

ಸಂಜೆ ನಲ್ಲಿಯ ಹತ್ತಿರ ಅತ್ತೆ ಪಕ್ಕದ ಮನೆಯಾಕೆಗೆ ಹೆಮ್ಮೆಯಿಂದ ಹೇಳುತ್ತಿದ್ದರು: “ನಾನು ಬರ್ಡನ್ ಅಂತೆ ಮಾರಾಯ್ತಿ, ನಮ್ ಪುಟ್ಟಿನೇ ಬರ್ದಿದಾಳೆ!”