ಅಪ್ಪನ ರುಮಾಲು

ಕುಸುಬಿ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ಅಪ್ಪನ ರುಮಾಲು ನೆನಪಾಗುತ್ತದೆ.

ಎಪ್ಪತ್ತರ ದಶಕದ ಸಿಂದಗಿಯಲ್ಲಿ ನಮ್ಮ ಚರ್ಚಿನೊಳಗೆ ಗಂಡಸರು ಬರಿದಲೆಯಲ್ಲೇ ಹೋಗಬೇಕಿತ್ತು. ಅಪ್ಪ ಮಾತ್ರ ತಲೆಗೆ ಸುತ್ತಿದ ರುಮಾಲು ಬಿಚ್ಚಲೊಲ್ಲದೆ ಪ್ರತಿ ಭಾನುವಾರ ಹೊಸ್ತಿಲಾಚೆ ನಿಲ್ಲುತ್ತಿದ್ದ. "ನಮ್ಮಪ್ಪ ಸತ್ತ ದಿನ ಸುತ್ಕೊಂಡೇನ್ರಿ, ನಾ ಸತ್ತ ದಿನ ಬಿಚ್ಚರಿ," ಎಂದು ಪಾದ್ರಿಗಳಿಗೇ ಹೇಳಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಪುಟ್ಟ ತಂಗಿಯ ಜ್ವರ ನೆತ್ತಿಗೇರಿತ್ತು. ಮನೆಗೆ ಒಯ್ಯಿರಿ ಎಂದು ಡಾಕ್ಟರರು ಕಳಿಸಿಬಿಟ್ಟಿದ್ದರು. ಅವ್ವ ಹಾಕಿದ ಒದ್ದೆ ಬಟ್ಟೆ ಹಾಕಿದಂತೆಯೇ ಬಿಸಿಯಾಗುತ್ತಿತ್ತು. ಮೂಲೆಯಲ್ಲಿದ್ದ ಅಜ್ಜಿ ಅಪ್ಪನತ್ತ ತಿರುಗಿ, "ಇನ್ನೂ ಹೊರಗ ನಿಂತ ಬೇಡ್ತೀಯೇನೋ? ಬೇಡಾಕ ಹೋದಾವಗ ಎಂಥಾ ಮರ್ಯಾದಿ?" ಎಂದಳು.

ಅಪ್ಪ ಕೂಸನ್ನು ಎತ್ತಿಕೊಂಡು ಚರ್ಚಿಗೆ ಓಡಿದ. ಕಾದ ಮಣ್ಣಿನಲ್ಲಿ ನಾನೂ ಬರಿಗಾಲಲ್ಲಿ ಹಿಂದೆ ಓಡಿದೆ. ಅವನು ಹೊಸ್ತಿಲಲ್ಲಿ ನಿಲ್ಲಲಿಲ್ಲ. ತಂಗಿಯನ್ನು ತಣ್ಣನೆಯ ಕಲ್ಲುಹಾಸಿನ ಮೇಲೆ ಮಲಗಿಸಿ, ರುಮಾಲು ಬಿಚ್ಚಿ ಶಿಲುಬೆಯ ಕೆಳಗಿಟ್ಟ, ನಮ್ಮ ಕಡೆ ಸೋತವನು ಗೆದ್ದವನ ಕಾಲಿಗೆ ಇಡುವಂತೆ. ಬಿಸಿಲನ್ನೇ ಕಾಣದ ಅವನ ಹಣೆ ಕೂಸಿನ ಹಣೆಯಷ್ಟೇ ಎಳೆಯದಾಗಿ ಕಂಡಿತು.

"ಯಪ್ಪಾ, ಉಳಸು," ಎಂದ. ಬಹಳ ಹೊತ್ತಿನ ಮೇಲೆ ಕಲ್ಲಿಗೆ ಹಣೆ ಹಚ್ಚಿ, "ಉಳಸಂಗಿಲ್ಲ ಅಂದ್ರ ನೀನ ಎತ್ಕೋ. ನಿಂದ ಕೂಸು," ಎಂದ.

ಸಂಜೆ ತಂಗಿಯನ್ನು ಆ ರುಮಾಲಿನಲ್ಲೇ ಸುತ್ತಿದರು. ಮಣ್ಣಿಗಿಡುವಾಗಲೂ ಅದರಿಂದ ಅಪ್ಪನ ತಲೆಯ ಕುಸುಬಿ ಎಣ್ಣೆ ವಾಸನೆ ಬರುತ್ತಿತ್ತು.

ಭಾನುವಾರ ಅಪ್ಪ ಬರಿದಲೆಯಲ್ಲಿ ಒಳಗೆ ಬಂದ. ಜನ ಸರಿದು ದಾರಿ ಬಿಟ್ಟರು. ತಂಗಿಯನ್ನು ಮಲಗಿಸಿದ್ದಷ್ಟು ಜಾಗವನ್ನು ಖಾಲಿ ಬಿಟ್ಟು, ಅವನು ಅದರ ಪಕ್ಕದಲ್ಲಿ ಕೂತ.